ಪಿಕಪ್ ಮೇಲಿನ ಸೋಲಾರ್: ಟ್ಯೂಬುಲರ್ರಾ, ಲಿಥಿಯಮ್ಮಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಲಿಥಿಯಂ ಕಡೆಯವನು. ಟ್ಯೂಬುಲರ್ ಬ್ಯಾಟರಿ ಕೆಟ್ಟದ್ದು ಅಂತಲ್ಲ. ಐವತ್ತು ಕೆಜಿ ದಾಟುವ ಆಸಿಡ್ ಡಬ್ಬಿಯನ್ನು ತಲೆಯ ಪಕ್ಕ ಇಟ್ಟುಕೊಂಡು ಒಂದು ಬೇಸಿಗೆ ಮಲಗಿದ್ದೇನೆ. ಇನ್ನೊಂದು ಬೇಸಿಗೆ ನನ್ನ ಕೈಲಾಗಲ್ಲ.

ನನ್ನ ಕಸುಬು ಬೋರ್‌ವೆಲ್ ಮೋಟರ್ ರಿಪೇರಿ. ಅಂಗಡಿ ಇರುವುದು ಚಿತ್ರದುರ್ಗದಲ್ಲಿ, ಕೆಲಸ ಮಾತ್ರ ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ತೋಟಗಳಲ್ಲಿ. ಮೋಟರ್ ಎತ್ತಿ, ಸರಿ ಮಾಡಿ, ಇಳಿಸಿದರೆ ಕೆಲಸ ಮುಗಿಯಲ್ಲ. ತ್ರೀ ಫೇಸ್ ಕರೆಂಟ್ ಬಂದ ಮೇಲೆ ಓಡಿಸಿ ನೋಡಬೇಕು. ಎಷ್ಟೋ ಸಲ ಅದು ಬರುವುದು ರಾತ್ರಿಯ ಪಾಳಿಯಲ್ಲಿ. ಹಾಗಾಗಿ ವಾರಕ್ಕೆ ಮೂರು ರಾತ್ರಿ ತೋಟದಲ್ಲೇ ಕಳೆಯುತ್ತೇನೆ. ಪಿಕಪ್ ಹಿಂದೆ ತಗಡಿನ ಗೂಡು ಕೂರಿಸಿ ಒಳಗೊಂದು ಹಲಗೆ ಮಂಚ ಮಾಡಿಸಿದ್ದೇನೆ. 12 ವೋಲ್ಟ್ ಫ್ಯಾನ್ ಒಂದು, ಎಲ್‌ಇಡಿ ಲೈಟ್ ಎರಡು, ಮೊಬೈಲ್ ಚಾರ್ಜರ್, ನೀರು ಮಜ್ಜಿಗೆಗೆ ಪುಟ್ಟದೊಂದು 12 ವೋಲ್ಟ್ ಫ್ರಿಜ್. ಎಲ್ಲ ಸೇರಿ ದಿನಕ್ಕೆ ಸುಮಾರು 700 ವ್ಯಾಟ್ ಅವರ್. ಮನೆ ಮೀಟರಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೂ ಕಡಿಮೆ.

ಮೊದಲು ಹಾಕಿದ್ದು ಮನೆ ಯುಪಿಎಸ್‌ಗೆ ಹಾಕುತ್ತಾರಲ್ಲ, ಆ 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ) ಟ್ಯೂಬುಲರ್. 15,500 ರೂಪಾಯಿ. ಮನೆ ಮಾಳಿಗೆಗೆ ಹಾಕುವ 335 ವ್ಯಾಟಿನ, 72 ಸೆಲ್ಲಿನ ಪ್ಯಾನಲ್ ಒಂದು. ನಡುವೆ ಚಾರ್ಜ್ ಕಂಟ್ರೋಲರ್, ಅಂದರೆ ಪ್ಯಾನಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಡಬ್ಬಿ. ದಾವಣಗೆರೆಯ ಒಂದು ಅಂಗಡಿಯಲ್ಲಿ 1,300ಕ್ಕೆ ಸಿಕ್ಕಿತು, ಮೇಲೆ ದಪ್ಪಕ್ಷರದಲ್ಲಿ ಎಂಪಿಪಿಟಿ ಅಂತಿತ್ತು, ಒಳ್ಳೆ ಜಾತಿಯ ಕಂಟ್ರೋಲರಿನ ಹೆಸರು ಅದು. ಬೇರೆ ಕಡೆ ಆರು ಸಾವಿರ ಹೇಳಿದ್ದರು. ಐದು ಸಾವಿರ ಉಳಿಯಿತು ಅಂತ ಖುಷಿಯಲ್ಲಿ ಬೆಣ್ಣೆ ದೋಸೆ ತಿಂದು ವಾಪಸ್ ಬಂದೆ. ಆ ದೋಸೆ ನನಗೆ ತುಂಬಾ ದುಬಾರಿ ಬಿತ್ತು.

ಎರಡನೇ ವಾರದಿಂದಲೇ ಬೆಳಗಿನ ಜಾವ ಮೂರಕ್ಕೆ ಫ್ರಿಜ್ ಪೀಂ ಪೀಂ ಅನ್ನುತ್ತಾ ಆಫ್ ಆಗತೊಡಗಿತು. ಬ್ಯಾಟರಿ ವೋಲ್ಟೇಜ್ ನೋಡಿದರೆ 11.6, ಅಂದರೆ ಹೆಚ್ಚೂಕಡಿಮೆ ಖಾಲಿ. ಅಂಗಡಿಗೆ ಫೋನ್ ಮಾಡಿದೆ. "ಹೊಸ ಬ್ಯಾಟರಿ ಅಲ್ವಾ ಸಾರ್, ನಾಲ್ಕು ಸಲ ಚಾರ್ಜ್ ಆಗ್ಲಿ" ಅಂದರು. ಆಯಿತು. ಆಮೇಲೆ "ಪ್ಯಾನಲ್ ಮೇಲೆ ಧೂಳಿರಬೇಕು, ಒರೆಸಿ ನೋಡಿ" ಅಂದರು. ನಮ್ಮ ಕಡೆಯ ಗಾಳಿ, ಧೂಳು ಗೊತ್ತಲ್ಲ, ಅದೂ ನಿಜವಿರಬಹುದು ಅಂತ ದಿನಾ ಬೆಳಿಗ್ಗೆ ಮೇಲೆ ಹತ್ತಿ ಒರೆಸಿದೆ. ಏನೂ ಬದಲಾಗಲಿಲ್ಲ. ತಪ್ಪು ಟ್ಯೂಬುಲರ್‌ನದೇ ಅಂತ ತೀರ್ಮಾನಿಸಿದೆ. ಸಿಟ್ಟಲ್ಲಿ 27,000 ಕೊಟ್ಟು 12.8 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿ ತಂದೆ. ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಬಂದೆ, ಅಷ್ಟು ಹಗುರ.

ಮೂರನೇ ರಾತ್ರಿ ಅದೂ ಮಲಗಿತು.

ಟ್ಯೂಬುಲರ್ ಆದರೆ ಏದುಸಿರು ಬಿಡುತ್ತಾ ಸಾಯುತ್ತದೆ. ಲಿಥಿಯಂ ಹಾಗಲ್ಲ. ಒಳಗಿರುವ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಟಕ್ ಅಂತ ಬಾಗಿಲು ಹಾಕಿಬಿಡುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಸುಡುವ ಬಿಸಿಲು, ಆದರೂ ಕಂಟ್ರೋಲರಿನ ಡಿಸ್‌ಪ್ಲೇ ಖಾಲಿ. ಅದು ಎಚ್ಚರವಾಗಲು ಬ್ಯಾಟರಿಯ ವೋಲ್ಟೇಜ್ ಬೇಕು, ಬ್ಯಾಟರಿಯ ಬಾಗಿಲು ತೆರೆಯಲು ಕಂಟ್ರೋಲರ್ ಚಾರ್ಜ್ ಕೊಡಬೇಕು. ಕೊನೆಗೆ ಗಾಡಿ ಬ್ಯಾಟರಿಯಿಂದ ಜಂಪರ್ ವೈರ್ ಎಳೆದು ಅರೆ ನಿಮಿಷ ಮುಟ್ಟಿಸಿದ ಮೇಲೆ ಎದ್ದಿತು. ಬಿಎಂಎಸ್ ತನಕ ಹೋಗಲು ಬಿಡಬಾರದು, ಲೋಡ್ 12 ವೋಲ್ಟಿಗೇ ಕಟ್ ಆಗುವ ಹಾಗೆ ಕಂಟ್ರೋಲರಿನಲ್ಲಿ ಇಡಬೇಕು ಅಂತ ಆಮೇಲೆ ತಿಳಿಯಿತು.

ನಾಚಿಕೆಯ ವಿಷಯ ಅಂದರೆ, ದಿನವಿಡೀ ನನ್ನ ಜೇಬಿನಲ್ಲಿ ಕ್ಲ್ಯಾಂಪ್ ಮೀಟರ್ ಇರುತ್ತದೆ. ಊರವರ ಮೋಟರ್ ಎಷ್ಟು ಆಂಪ್ಸ್ ಎಳೆಯುತ್ತದೆ ಅಂತ ನೋಡುವುದೇ ನನ್ನ ಕೆಲಸ. ಆದರೆ ಅದು ಎಸಿ ಮಾತ್ರ ಅಳೆಯುವ ಮೀಟರ್. ಸೋಲಾರ್ ವೈರಿಗೆ ಹಾಕಿದರೆ ಸೊನ್ನೆ. ಹಾಗಾಗಿ ಅಳೆಯುವ ಗೋಜಿಗೇ ಹೋಗಿರಲಿಲ್ಲ.

ಹಿರಿಯೂರು ಕಡೆ ಒಂದು ತೋಟದಲ್ಲಿ ಸೋಲಾರ್ ಪಂಪ್‌ಸೆಟ್ ಕೂರಿಸುವ ಹುಡುಗ ಸಿಕ್ಕ. ಅವನ ಹತ್ತಿರ ಡಿಸಿ ಕ್ಲ್ಯಾಂಪ್ ಇತ್ತು. ಪ್ಯಾನಲಿನ ವೈರಿಗೆ ಹಾಕಿದ: 8.1 ಆಂಪ್ಸ್. ಬ್ಯಾಟರಿ ಕಡೆಯ ವೈರಿಗೆ ಹಾಕಿದ: ಅದೂ 8.1. ನಗುತ್ತಾ ನನ್ನ ಮುಖ ನೋಡಿದ.

"ಅಣ್ಣಾ, ಇದು ಎಂಪಿಪಿಟಿ ಅಲ್ಲ. ಸ್ಟಿಕ್ಕರ್ ಮಾತ್ರ ಎಂಪಿಪಿಟಿ."

ಅವನು ಬಿಡಿಸಿ ಹೇಳಿದ್ದು ಇಷ್ಟು. ನನ್ನ ಪ್ಯಾನಲ್ ಚೆನ್ನಾಗಿ ದುಡಿಯುವುದು 36-38 ವೋಲ್ಟಿನಲ್ಲಿ. ನಿಜವಾದ ಎಂಪಿಪಿಟಿ ಆ ಹೆಚ್ಚಿನ ವೋಲ್ಟನ್ನು ಇಳಿಸಿ ಆಂಪ್ಸ್ ಮಾಡಿಕೊಡುತ್ತದೆ. ಪ್ಯಾನಲ್ ಕಡೆ 7 ಆಂಪ್ಸ್ ಇದ್ದರೆ ಬ್ಯಾಟರಿ ಕಡೆ 17-18 ಕಾಣಬೇಕು. ನನ್ನ ಡಬ್ಬಿ ಪಿಡಬ್ಲ್ಯೂಎಂ ಅನ್ನುವ ಅಗ್ಗದ ಜಾತಿ. ಅದು ಪ್ಯಾನಲನ್ನು ಬ್ಯಾಟರಿಯ 13 ವೋಲ್ಟಿಗೇ ಎಳೆದು ಕಟ್ಟಿಹಾಕುತ್ತದೆ. ಎಂಟು ಆಂಪ್ಸ್, ಹದಿಮೂರು ವೋಲ್ಟ್, ಗುಣಿಸಿ ನೋಡಿ. 335 ವ್ಯಾಟಿನ ಪ್ಯಾನಲ್ ಹೊತ್ತು ತಿರುಗುತ್ತಿದ್ದ ನನಗೆ ಸಿಗುತ್ತಿದ್ದದ್ದು ನೂರು ಚಿಲ್ಲರೆ. 36 ಸೆಲ್ಲಿನ 12 ವೋಲ್ಟ್ ಪ್ಯಾನಲ್ ಆಗಿದ್ದರೆ ಪಿಡಬ್ಲ್ಯೂಎಂ ಸಾಕಾಗುತ್ತಿತ್ತು, ಅದರಲ್ಲಿ ತಪ್ಪೇನಿಲ್ಲ. ಮನೆ ಪ್ಯಾನಲಿಗೆ ಅದನ್ನು ಜೋಡಿಸಿದ್ದೇ ತಪ್ಪು.

ಸಂಜೆ ಡಬ್ಬಿ ಬಿಚ್ಚಿದೆ. ವೋಲ್ಟ್ ಇಳಿಸುವ ಕೆಲಸಕ್ಕೆ ಒಳಗೆ ದಪ್ಪದೊಂದು ತಾಮ್ರದ ಸುರುಳಿ ಇರಲೇಬೇಕು. ಇರಲಿಲ್ಲ. ದಿನಾ ತಾಮ್ರದ ತಂತಿ ಸುತ್ತಿ ಹೊಟ್ಟೆ ಹೊರೆಯುವ ನನಗೆ, ತಾಮ್ರವೇ ಇಲ್ಲದ ಡಬ್ಬಿ ಕೈಯಲ್ಲಿ ಎತ್ತಿದಾಗಲೇ ಗೊತ್ತಾಗಬೇಕಿತ್ತು. ಬೆಂಕಿಪೊಟ್ಟಣದ ಹಾಗೆ ಹಗುರ ಇತ್ತು.

6,500 ಕೊಟ್ಟು 30 ಆಂಪ್ಸಿನ ನಿಜವಾದ ಎಂಪಿಪಿಟಿ ಹಾಕಿದೆ. ಅದೇ ಪ್ಯಾನಲ್, ಅದೇ ಬಿಸಿಲು, ಮಧ್ಯಾಹ್ನ ಬ್ಯಾಟರಿ ಕಡೆ 17.5 ಆಂಪ್ಸ್. ಟ್ಯೂಬುಲರ್‌ಗೆ ಅನ್ಯಾಯ ಆಗಬಾರದು ಅಂತ ಅದನ್ನೇ ಮತ್ತೆ ಗಾಡಿಗೆ ಏರಿಸಿ ಒಂದು ತಿಂಗಳು ಓಡಿಸಿದೆ. ಫ್ರಿಜ್ ಒಂದು ರಾತ್ರಿಯೂ ಆಫ್ ಆಗಲಿಲ್ಲ. ಅಂದರೆ ಪಾಪ, ಬ್ಯಾಟರಿಯದು ಏನೂ ತಪ್ಪಿರಲಿಲ್ಲ.

ಆದರೂ ಇಳಿಸಿದೆ. ಒಂದು ಕಾರಣ ನೆರಳು. ತೋಟಕ್ಕೆ ಹೋದರೆ ಮೊದಲ ಮಾತೇ "ಗಾಡಿ ಹೊಂಗೆ ಮರದ ಕೆಳಗೆ ಹಾಕಣ್ಣ". ನನಗೂ ಅದೇ ಬೇಕು, ತಗಡಿನ ಗೂಡು ಕಾದರೆ ರಾತ್ರಿ ನಿದ್ದೆ ಬರಲ್ಲ. ಹಾಗಾಗಿ ಪ್ಯಾನಲಿಗೆ ಸಿಗುವುದು ಅರ್ಧ ದಿನದ ಬಿಸಿಲು. ಟ್ಯೂಬುಲರ್‌ಗೆ ಕೊನೆಯ ಕಾಲು ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಪೂರ್ತಿ ತುಂಬದೆ ದಿನಾ ಅರ್ಧಂಬರ್ಧ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಆಯುಸ್ಸು ಇಳಿಯುತ್ತದೆ. ಲಿಥಿಯಂಗೆ ಅರ್ಧ ತುಂಬಿದರೂ ಬೇಜಾರಿಲ್ಲ, ಸಿಕ್ಕಿದ್ದನ್ನು ಗಟಗಟ ಕುಡಿಯುತ್ತದೆ. ಅದೂ ಅಲ್ಲದೆ 150 ಎಎಚ್ ಅಂತ ಬರೆದಿದ್ದರೂ ಟ್ಯೂಬುಲರ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿಯುವುದು 75. ಲಿಥಿಯಂನ 100ರಲ್ಲಿ 85-90 ಧೈರ್ಯವಾಗಿ ಬಳಸುತ್ತೇನೆ.

ಇನ್ನೊಂದು, ಆಸಿಡ್. ತೋಟದ ದಾರಿಯಲ್ಲಿ ಗಾಡಿ ಕುಣಿಯುತ್ತದೆ, ಮುಚ್ಚಳದ ಅಂಚಿನಿಂದ ಹನಿ ಹನಿ ಜಿನುಗುತ್ತದೆ. ಒಂದಿನ ಜಮಖಾನ ಒಗೆದು ಹರಡಿದರೆ ಜರಡಿ ಆಗಿತ್ತು. ಪಕ್ಕದಲ್ಲೇ ಇದ್ದ ಚಳ್ಳಕೆರೆ ಕಂಬಳಿಗೆ ಏನೂ ಆಗಿರಲಿಲ್ಲ. ಹತ್ತಿಯನ್ನು ಆಸಿಡ್ ತಿನ್ನುತ್ತದೆ, ಉಣ್ಣೆ ಅಷ್ಟು ಬೇಗ ಬಗ್ಗಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬರುತ್ತದೆ, ಮುಚ್ಚಿದ ಗೂಡಿನಲ್ಲಿ ಅದರ ಪಕ್ಕ ಮಲಗಿ ಬೀಡಿ ಹಚ್ಚುವ ಹೆಲ್ಪರ್ ನನ್ನ ಜೊತೆ ಇದ್ದಾನೆ. ಡಿಸ್ಟಿಲ್ಡ್ ವಾಟರ್ ಹಾಕುವುದಂತೂ ನನಗೆ ನೆನಪೇ ಇರಲ್ಲ.

ಲಿಥಿಯಂನ ಕಿರಿಕಿರಿಯೂ ಇದೆ. ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳಲಾಗದು, ಹೆಚ್ಚೂಕಡಿಮೆ ಕೊನೆತನಕ 13ರ ಆಸುಪಾಸೇ ತೋರಿಸಿ ಆಮೇಲೆ ಧಡ್ ಅಂತ ಬೀಳುತ್ತದೆ. ಬರುವ ಹೋಗುವ ಕರೆಂಟ್ ಎಣಿಸುವ ಶಂಟ್ ಮೀಟರ್ ಬೇರೆ ಹಾಕಬೇಕಾಯಿತು. ಬಿಸಿ ಅದಕ್ಕೂ ಆಗಲ್ಲ, ಮಂಚದ ಕೆಳಗೆ ಗಾಳಿಯಾಡುವ ಕಡೆ ಇಟ್ಟಿದ್ದೇನೆ.

ಉಳಿದದ್ದು ಬೇಗ ಮುಗಿಸುತ್ತೇನೆ. ಇನ್ವರ್ಟರ್ ಬೇಡ, ಎಲ್ಲ 12 ವೋಲ್ಟಿನಲ್ಲೇ ಓಡಿಸಿ. ವೈರ್ ದಪ್ಪ ಇರಲಿ. ನಾನು ಉಳಿದಿದ್ದ 6 ಎಂಎಂ ಸಬ್‌ಮರ್ಸಿಬಲ್ ಕೇಬಲ್ ಹಾಕಿದೆ, ಕಸುಬಿನ ಲಾಭ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕಡ್ಡಾಯ. ಪ್ಯಾನಲಿಗೆ ಇಳಿಜಾರು ಕೊಡಲು ಒದ್ದಾಡಬೇಡಿ. ಗಾಳಿಗಿರಣಿ ನಿಲ್ಲಿಸಿರುವ ಊರು ನಮ್ಮದು, ಎತ್ತಿ ನಿಲ್ಲಿಸಿದರೆ ಹಾರಿಹೋದೀತು. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಹೇಗೂ ನೆತ್ತಿಯ ಮೇಲೇ ಇರುತ್ತಾನೆ. ಗಾಡಿಯ ಆಲ್ಟರ್ನೇಟರಿನಿಂದ ಲಿಥಿಯಂಗೆ ನೇರ ವೈರ್ ಎಳೆಯಬೇಡಿ, ಆಲ್ಟರ್ನೇಟರ್ ಸುಟ್ಟೀತು, ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಪವರ್ ಸ್ಟೇಷನ್ ಕೂಡ ನೋಡಿದೆ. ಬಿಚ್ಚಿ ರಿಪೇರಿ ಮಾಡಲಾಗದ ಸಾಮಾನು ನನಗೆ ಬೇಡ.

ನಿಮ್ಮ ಗಾಡಿ ದಿನವಿಡೀ ಬಿಸಿಲಲ್ಲಿ ನಿಲ್ಲುವುದಾದರೆ, ಟಾರ್ ರೋಡಲ್ಲೇ ಓಡುವುದಾದರೆ, ಪ್ಯಾನಲ್ ಬಿಟ್ಟು ಕೈಯಲ್ಲಿ ಇಪ್ಪತ್ತು ಇಪ್ಪತ್ತೆರಡು ಸಾವಿರವೇ ಇದ್ದರೆ, ಟ್ಯೂಬುಲರ್ ಮತ್ತು ನಿಜವಾದ ಎಂಪಿಪಿಟಿ ತಗೊಳ್ಳಿ. ಕಂಟ್ರೋಲರಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ನನ್ನ ಟ್ಯೂಬುಲರ್ ಈಗ ಮನೆಯ ಯುಪಿಎಸ್‌ನಲ್ಲಿದೆ, ನೀರು ಹಾಕುವುದು ನಮ್ಮ ಮನೆಯವಳು, ಅದಕ್ಕೇ ಚೆನ್ನಾಗಿದೆ.

ಆ 1,300 ರೂಪಾಯಿಯ ಡಬ್ಬಿಯನ್ನು ಎಸೆಯಲಿಲ್ಲ. ಅದರಲ್ಲಿ ಎರಡು ಯುಎಸ್‌ಬಿ ಕಿಂಡಿಗಳಿವೆ. ಹಳೇ ಬೈಕ್ ಬ್ಯಾಟರಿಗೆ ಜೋಡಿಸಿ ಅಂಗಡಿಯ ಗೋಡೆಗೆ ಹೊಡೆದಿದ್ದೇನೆ. ಮೋಟರ್ ತರುವ ರೈತರು ಕಾಯುತ್ತಾ ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಾರೆ. ಸ್ಟಿಕ್ಕರ್ ಹಾಗೇ ಇದೆ.