ಕಳೆದುಹೋದ ನಾಯಿ ಸಿಕ್ಕಿದೆ ಅಂತ ಫೋನ್ ಬಂದರೆ, ದಯವಿಟ್ಟು ದುಡ್ಡು ಹಾಕಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಅಂಕೋಲೆ ಕಡೆ ಯಾರ ಮನೆ ನಾಯಿ ಬೆಕ್ಕು ಕಾಣೆಯಾಗಿದ್ದರೂ ಇದನ್ನ ಓದಿ. ಪೂರ್ತಿ ಓದೋ ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು: "ನಿಮ್ಮ ನಾಯಿ ನನ್ನ ಹತ್ರ ಇದೆ" ಅಂತ ಯಾರೇ ಫೋನ್ ಮಾಡಲಿ, ನಾಯಿಯನ್ನ ಕಣ್ಣಾರೆ ನೋಡೋ ತನಕ ಒಂದು ರೂಪಾಯಿ ಹಾಕಬೇಡಿ. ನಾನು ಹಾಕಿದೆ. ಒಂದಲ್ಲ, ಮೂರು ಸಲ. ಒಟ್ಟು 5,800 ರೂಪಾಯಿ. ಮನೆಯವರ ಹತ್ರ ಮೊದಲು ಎರಡು ಸಾವಿರ ಅಂತ ಸುಳ್ಳು ಹೇಳಿದ್ದೆ. ಈಗ ನಿಜ ಬರೀತಿದ್ದೇನೆ.

ನಮ್ಮ ನಾಯಿ ಹೆಸರು ಕೆಂಚ. ಊರ ನಾಯಿನೇ, ಯಾವ ಜಾತಿ ನಾಯಿಯೂ ಅಲ್ಲ. ಅಪ್ಪ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಕೊಟ್ಟಿಗೆ ಹಿಂದೆ ತೊಯ್ದು ನಡುಗ್ತಾ ಕೂತಿದ್ದ ಮರಿ. ಆಯಿ ಹಳೇ ಕಂಬಳಿ ತುಂಡಲ್ಲಿ ಸುತ್ತಿ ಬಚ್ಚಲೊಲೆ ಹತ್ರ ಇಟ್ಟಳು. ಅವತ್ತಿಂದ ಅವನು ಆಯಿಯವನು. ಆಯಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯೋಕೆ ಕೂತರೆ ಇವನು ಸಿಪ್ಪೆ ರಾಶಿ ಮೇಲೆ. ಆಯಿಗೆ ಜ್ವರ ಬಂದರೆ ಇವನಿಗೂ ಅನ್ನ ಸೇರೋದಿಲ್ಲ. ಅಪ್ಪ ಹೋದಮೇಲೆ ಮಾತು ಕಮ್ಮಿ ಮಾಡಿದ್ದ ಆಯಿ, ಮತ್ತೆ ಬಾಯಿ ತುಂಬ ಮಾತಾಡೋಕೆ ಶುರು ಮಾಡಿದ್ದು ಇವನ ಜೊತೆ. ನನ್ನ ಜೊತೆ ಅಲ್ಲ.

ದೀಪಾವಳಿಗೆ, ಗೋಪೂಜೆ ದಿನ, ದನಗಳ ಮೈ ತೊಳೆಯುವಾಗ ಇವನಿಗೂ ಸ್ನಾನ ಮಾಡಿಸಿದೆವು. ಕೊರಳ ಪಟ್ಟಿ ಬಿಚ್ಚಿ ತೊಳೆದು ಜಗುಲಿ ಮೊಳೆಗೆ ಒಣಗಲು ಹಾಕಿದೆವು. ಈ ಪಟ್ಟಿ ವಿಷಯ ನೆನಪಿಟ್ಟುಕೊಳ್ಳಿ. ಸಂಜೆ ಕೆಳಗಿನ ಮನೆ ಅಂಗಳದಲ್ಲಿ ದೊಡ್ಡ ಪಟಾಕಿ ಸರ ಹಚ್ಚಿದರು. ಮನುಷ್ಯರ ಕಿವಿ 20,000 ಹರ್ಟ್ಜ್ ತನಕ ಕೇಳಿದರೆ ನಾಯಿಗೆ ಸುಮಾರು 45,000ದ ತನಕ ಕೇಳ್ತದಂತೆ, ನಮಗೆ ಕೇಳದ ಸದ್ದೂ ಅದಕ್ಕೆ ಕೇಳ್ತದೆ ಅಂತ ಪಶು ವೈದ್ಯರು ಆಮೇಲೆ ಹೇಳಿದರು. ಆಗ ಅದೆಲ್ಲ ಯಾರಿಗೆ ಹೊಳೀತದೆ. ಕೆಂಚ ಒಂದೇ ನೆಗೆತಕ್ಕೆ ದಣಪೆ ದಾಟಿ ತೋಟಕ್ಕಿಳಿದ. ಅಷ್ಟೇ. ಮತ್ತೆ ಕಾಣಲಿಲ್ಲ.

ಮೂರು ರಾತ್ರಿ ಬ್ಯಾಟರಿ ಹಿಡಿದು ತೋಟ, ಹಳ್ಳ, ಸೊಪ್ಪಿನ ಬೆಟ್ಟ ಎಲ್ಲ ಸುತ್ತಿದೆವು. ನಮ್ಮ ಕಡೆ ನಾಯಿ ಕಾಣದಿದ್ದರೆ ಮೊದಲು ಮನಸ್ಸಿಗೆ ಬರೋದು ಚಿರತೆ. ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಎಲ್ಲರೂ ಅದನ್ನೇ ಯೋಚಿಸ್ತಿರ್ತಾರೆ. ಆಯಿ ರಾತ್ರಿ ಹಿತ್ತಿಲ ಬಾಗಿಲು ತೆಗೆದೇ ಮಲಗ್ತಿದ್ದಳು. ಮಲಗ್ತಿದ್ದಳು ಅಂತ ಯಾಕೆ ಹೇಳಲಿ, ಕೂತೇ ಇರ್ತಿದ್ದಳು.

ಹೋದ ವರ್ಷದ್ದೊಂದು ಫೋಟೋ ಇತ್ತು. ಕೆಂಪು ಪಟ್ಟಿ, ಅದಕ್ಕೊಂದು ಸಣ್ಣ ಗೆಜ್ಜೆ. ಅದನ್ನ ಹಾಕಿ, ಹೆಸರು, ಬಣ್ಣ, ಮುಂದಿನ ಎಡಗಾಲಿನ ಬಿಳಿ ಪಾದ, ನನ್ನ ನಂಬರು, ಕೊನೆಗೆ "ಹುಡುಕಿಕೊಟ್ಟವರಿಗೆ ಸೂಕ್ತ ಬಹುಮಾನ" ಅಂತ ಬರೆದು ಎಲ್ಲಾ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಶಿರಸಿ ಬಸ್ ಸ್ಟ್ಯಾಂಡ್ ಹತ್ರ ನಾಲ್ಕು ಅಂಗಡಿಗೂ ಅಂಟಿಸಿದೆ. ನನ್ನ ತಪ್ಪು ಅಲ್ಲೇ ಶುರು. ಎಲ್ಲವನ್ನೂ ಬರೆದುಬಿಟ್ಟೆ.

ನಾಲ್ಕನೇ ದಿನ ಸಂಜೆ ಫೋನ್. "ಸರ್, ಕೆಂಚ ಅಂತ ನಾಯಿ ನಿಮ್ದೇನಾ?" ನನಗೆ ಕಾಲಲ್ಲಿ ಬಲ ಇಲ್ಲ. ಆಯಿ ಒಳಗಿಂದ ಓಡಿಬಂದಳು. ಅವನು ಮೀನಿನ ಗಾಡಿಯವನಂತೆ. ಹುಬ್ಬಳ್ಳಿಗೆ ಮೀನು ಹಾಕಿ ವಾಪಸ್ ಅಂಕೋಲೆಗೆ ಹೋಗುವಾಗ ಶಿರಸಿ ದಾಟಿದ ಮೇಲೆ ರಸ್ತೆ ಪಕ್ಕ ಸಿಕ್ಕಿತಂತೆ, ಪಾಪ ಅನಿಸಿ ಗಾಡಿಗೆ ಹಾಕಿಕೊಂಡನಂತೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗೋ ಗಾಡಿ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳೀತದೆ. ಶಿರಸಿಗೆ ಯಾಕೆ ಬರಬೇಕು? ಈ ಜಿಲ್ಲೆಯಲ್ಲಿ ಹುಟ್ಟಿದ ಚಿಕ್ಕ ಮಗುವಿಗೂ ಗೊತ್ತು. ನನಗೆ ಅವತ್ತು ಗೊತ್ತಾಗಲಿಲ್ಲ. ಆಯಿ ಪಕ್ಕದಲ್ಲಿ ನಿಂತು "ಎಂತಾರೂ ಉಂಡಿದ್ನಡಾ ಕೇಳು, ಉಂಡಿದ್ನಡಾ ಕೇಳು" ಅಂತಿದ್ದಳು. ನಾನೂ ಅದನ್ನೇ ಕೇಳಿದೆ.

"ಹಾಲು ಬ್ರೆಡ್ ಹಾಕಿದೀನಿ ಸರ್. ನಾವು ಬಡವರು, ಒಂದೈನೂರು ಹಾಕಿ." ಹಾಕಿದೆ. ಅವನು ಕಳಿಸಿದ ಕ್ಯೂಆರ್ ಕೋಡಿನಲ್ಲಿ ಯಾರೋ ಹೆಂಗಸಿನ ಹೆಸರು ಬಂತು. ಕೇಳಿದ್ದಕ್ಕೆ "ಅಕ್ಕನ ಅಕೌಂಟ್ ಸರ್" ಅಂದ.

ನಾನು ತೀರಾ ಏನೂ ಕೇಳದೆ ನಂಬಿದವನಲ್ಲ. ನಮ್ಮ ನಾಯಿನೇ ಹೌದು ಅನ್ನೋಕೆ ಗುರುತು ಹೇಳಪ್ಪ ಅಂದೆ. ಆಗ ಅವನು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಗುರುತು ನೀವು ಹೇಳ್ಬೇಕು ಸರ್. ನೀವೇ ನಿಜವಾದ ಓನರ್ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ನಾಯಿ ಕದಿಯೋರು ಬಹಳ ಜನ ಇದಾರೆ. ಸಿಕ್ಕಿದವರ ಕೈಗೆ ನಾನು ಕೊಡೋದಿಲ್ಲ." ಎಷ್ಟು ಒಳ್ಳೆ ಮನುಷ್ಯ ಅನಿಸಿಬಿಟ್ಟಿತು ನನಗೆ! ನಾನೇ ಕಳ್ಳ ಅಲ್ಲ ಅಂತ ಅವನಿಗೆ ಸಾಬೀತು ಮಾಡೋ ಹಾಗಾಯ್ತು. ಬಲ ಕಿವಿ ತುದಿ ಮಡಚಿದೆ, ಬಾಲದ ಬುಡದಲ್ಲಿ ಹಳೇ ಗಾಯದ ಕಲೆ ಇದೆ, ಎಲ್ಲ ಹೇಳಿದೆ. ಅವನು ಒಂದೊಂದಕ್ಕೂ "ಹೌದು ಸರ್, ಇದೆ ಸರ್, ಇದೆ" ಅಂದ.

ವಿಡಿಯೋ ಕಾಲ್ ಮಾಡು ಅಂದರೆ "ಘಟ್ಟದಲ್ಲಿದೀವಿ, ನೆಟ್‌ವರ್ಕ್ ಇಲ್ಲ." ನಮ್ಮ ಘಟ್ಟದಲ್ಲಿ ಫೋನ್ ಹತ್ತೋದು ಅಷ್ಟಕ್ಕಷ್ಟೇ ಅಂತ ನಮಗೇ ಗೊತ್ತಲ್ಲ, ನಂಬಿದೆ. "ದನಿ ಕೇಳಿಸ್ತೀನಿ ಇರಿ" ಅಂತ ಫೋನ್ ಎಲ್ಲೋ ಇಟ್ಟ. ಒಂದು ನಾಯಿ ಕುಂಯ್ ಕುಂಯ್ ಅಂತು. ಸ್ಪೀಕರ್ ಹಾಕಿ ನಾನು, ಆಯಿ, ನನ್ನ ಮಗಳು, ಮೂವರೂ "ಕೆಂಚಾ, ಕೆಂಚಾ, ಬಾರಾ" ಅಂತ ಫೋನಿಗೆ ಕರೆದೆವು. ಆಯಿ ಅತ್ತಳು. ಅದು ಯಾವ ನಾಯಿಯೋ, ಯಾವ ವಿಡಿಯೋದ್ದೋ. ನಮ್ಮ ಮೂರು ಜನರ ಅಳುವನ್ನ ಆ ಮನುಷ್ಯ ಅಷ್ಟು ಹೊತ್ತು ಕಿವಿಗೊಟ್ಟು ಕೇಳಿದ. ಅದು ನನಗೆ ದುಡ್ಡಿಗಿಂತ ಹೆಚ್ಚು ಉರೀತದೆ.

ರಾತ್ರಿ ಒಂದು ಫೋಟೋ ಬಂತು. ಮರಳು, ಹಿಂದೆ ಒಂದು ಲಾರಿ ಚಕ್ರ, ಮುಂದೆ ಕೆಂಚ. ಕೆಂಚನೇ. ಆಯಿಗೆ "ಫೋಟೋ ಬಂದಿದೆ, ಚೆನ್ನಾಗಿದಾನೆ" ಅಂದೆ, ಕನ್ನಡಕ ಹುಡುಕ್ತಾ ಅವಳು ಆಗ ನೋಡಲಿಲ್ಲ. ನೋಡಿದ್ದಿದ್ದರೆ!

ಮಾರನೇ ದಿನ ಕಾಲಿಗೆ ಏಟಾಗಿದೆ, ಡಾಕ್ಟರಿಗೆ 1,800. ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸು ಅಂದೆ. "ಭಾನುವಾರ ಬಂದ್ ಸರ್, ರಕ್ತ ಸೋರ್ತಾ ಇದೆ, ನೀವು ಲೆಕ್ಕ ಮಾಡ್ತಾ ಕೂತಿದೀರಾ?" ಹಾಕಿದೆ.

ಸೋಮವಾರ ಅಂಕೋಲೆ ಬಸ್ ಸ್ಟ್ಯಾಂಡಿಗೆ ಬರ್ತೇನೆ ಅಂದ. ಪಕ್ಕದ ಮನೆಯವರ ಓಮ್ನಿ ತಗೊಂಡು, ಕೆಂಚ ಮಲಗೋ ಗೋಣಿಚೀಲ, ಡಬ್ಬದಲ್ಲಿ ಮಜ್ಜಿಗೆ ಅನ್ನ ಹಾಕಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತು ಗಂಟೆಗೆ ಅಲ್ಲಿದ್ದೆ. ಹನ್ನೊಂದಕ್ಕೆ "ಹತ್ತು ನಿಮಿಷ ಸರ್." ಹನ್ನೆರಡಕ್ಕೆ "ಕಾರವಾರದಲ್ಲಿ ಗಾಡಿ ಕೆಟ್ಟಿದೆ, ಬೇರೆ ಗಾಡಿಗೆ 3,500 ಹಾಕಿ." ನಾನೇ ಕಾರವಾರಕ್ಕೆ ಬರ್ತೇನೆ, ಜಾಗ ಹೇಳು ಅಂದೆ. ಆಗ ದನಿ ಬದಲಾಯ್ತು. "ನಿಮಗೆ ನಾಯಿ ಬೇಕಾ ಬೇಡ್ವಾ? ಬೇಡ ಅಂದ್ರೆ ಈಗಲೇ ಹೈವೇಲಿ ಇಳಿಸಿ ಹೋಗ್ತೀನಿ. ಲಾರಿ ಅಡಿ ಬಿದ್ರೆ ನೀವೇ ಕಾರಣ."

ಆ ಹೊತ್ತಿಗೆ ನನಗೆ ಅನುಮಾನ ಬಂದಿತ್ತು. ಖಂಡಿತ ಬಂದಿತ್ತು. ಆದರೆ ಎದುರಿಗೇ 66ನೇ ಹೆದ್ದಾರಿ, ಒಂದರ ಹಿಂದೆ ಒಂದು ಲಾರಿ ಹೋಗ್ತಿದೆ, ಆ ರಸ್ತೆಯಲ್ಲಿ ಕುಂಟೋ ಕಾಲಿನ ಕೆಂಚ ನಿಂತಿರೋದು ನನ್ನ ಕಣ್ಣಿಗೆ ಕಾಣ್ತಿದೆ. ಅನುಮಾನ ಇಟ್ಟುಕೊಂಡೇ 3,500 ಹಾಕಿದೆ. ಒಂದು ವೇಳೆ ನಿಜವಾಗಿದ್ದರೆ? ಅದೊಂದೇ ಯೋಚನೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಆಮೇಲೆ ಬ್ಲಾಕ್. ನಾಲ್ಕು ಗಂಟೆ ತನಕ ಬರೋ ಬಸ್ಸು, ಟೆಂಪೋ ಎಲ್ಲದರ ಬಾಗಿಲು ನೋಡ್ತಾ ನಿಂತಿದ್ದೆ. ಮಜ್ಜಿಗೆ ಅನ್ನ ಹುಳಿ ಬಂದಿತ್ತು, ಅಲ್ಲಿನ ಬೀದಿ ನಾಯಿಗಳಿಗೆ ಹಾಕಿ ಬಂದೆ.

ರಾತ್ರಿ ಮನೆಗೆ ಬಂದು, ಮೋಸ ಅಂತ ಹೇಳೋ ಧೈರ್ಯ ಆಗದೆ, ಜೀವಂತ ಇದಾನೆ ಅಂತ ಸಮಾಧಾನಕ್ಕಾದರೂ ಆಗಲಿ ಅಂತ ಆಯಿಗೆ ಆ ಫೋಟೋ ತೋರಿಸಿದೆ. ಆಯಿ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದಳು. "ಕೆಂಚ ಹೌದು. ಪಟ್ಟಿ ಇಲ್ಲೇ ಮೊಳೆಗೆ ಇದ್ದಲೋ ತಮಾ. ಅವ್ನ ಕುತ್ಗೆಗೆ ಎಲ್ಲಿಂದ ಬಂತು?"

ಜಗುಲಿಯಲ್ಲಿ ಕೆಂಪು ಪಟ್ಟಿ, ಗೆಜ್ಜೆ ಸಮೇತ, ನಾನು ಐದು ದಿನದಿಂದ ದಿನಾ ಅದರ ಕೆಳಗೇ ಚಪ್ಪಲಿ ಬಿಡ್ತಿದ್ದೆ. ಫೋಟೋದಲ್ಲೂ ಅದೇ ಪಟ್ಟಿ. ನಾನೇ ಎಲ್ಲರಿಗೂ ಕಳಿಸಿದ್ದ ಫೋಟೋದಿಂದ ಕೆಂಚನನ್ನ ಕತ್ತರಿಸಿ ಮರಳ ಮೇಲೆ ಕೂರಿಸಿದ್ದ. ಅದೇ ತಿರುಗಿದ ಮುಖ, ಅದೇ ನಾಲಿಗೆ. ಮಗಳು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಈಗಿನ ಫೋನಿನಲ್ಲಿ ಎರಡು ನಿಮಿಷದ ಕೆಲಸವಂತೆ.

ನಾಚಿಕೆಯಿಂದ ಎರಡು ದಿನ ಎಲ್ಲೂ ದೂರು ಕೊಡಲಿಲ್ಲ. ಇದು ನನ್ನ ಇನ್ನೊಂದು ದೊಡ್ಡ ತಪ್ಪು. ಸೈಬರ್ ವಂಚನೆಗೆ 1930 ಅಂತ ನಂಬರಿದೆ. ಮೋಸ ಅಂತ ಗೊತ್ತಾದ ತಕ್ಷಣ ಫೋನ್ ಮಾಡಿದರೆ, ಕಳ್ಳರು ದುಡ್ಡು ತೆಗೆಯೋದರೊಳಗೆ ಅಕೌಂಟಲ್ಲೇ ತಡೆಯೋಕೆ ಆಗಬಹುದು. ನಾನು ಮಾಡೋ ಹೊತ್ತಿಗೆ ಎಲ್ಲ ಮುಗಿದಿತ್ತು. ದೂರು ದಾಖಲಾಗಿದೆ, ಅಷ್ಟೇ.

ಗೊತ್ತಾದವರು ಹೇಳಿದ್ದು: "ಒಂದು ಕಂತ್ರಿ ನಾಯಿಗೆ ಇಷ್ಟು ಖರ್ಚಾ? ಅಷ್ಟಕ್ಕೆ ಜಾತಿ ನಾಯಿನೇ ಬರ್ತಿತ್ತು." ಇದನ್ನ ಹೇಳಬೇಡಿ. ಯಾರಿಗೂ ಹೇಳಬೇಡಿ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ತೋರಿಸಿದ್ದಾರೆ: ನಾಯಿ ಮತ್ತು ಅದರ ಯಜಮಾನರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರ್ತದೆ, ತಾಯಿ ಮಗುವಿನ ನಡುವೆ ಕೆಲಸ ಮಾಡೋ ಅದೇ ಹಾರ್ಮೋನು. ಆಯಿಗೆ ಆ ಪರೀಕ್ಷೆ ಬೇಕಾಗಿಲ್ಲ. ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕೂ ಬರೋದಿಲ್ಲ ಅಂದಿದ್ದ ಅಂತ ಅವಳು ಸುಮ್ಮನಾದಳು. ಆ ಕಳ್ಳ ಕೈ ಹಾಕಿದ್ದು ಇಲ್ಲಿಗೇ. ಬೆಲೆಬಾಳೋ ನಾಯಿಗಲ್ಲ, ನಿದ್ದೆಯಿಲ್ಲದೆ ಬಾಗಿಲು ತೆಗೆದು ಕೂತ ಮುದುಕಿಗೆ.

ನಾಯಿ ಕಳೆದವರು ಫೋಟೋ ಹಾಕಿ, ಆದರೆ ಒಂದು ಗುರುತು ನಿಮ್ಮ ಹತ್ರವೇ ಇಟ್ಟುಕೊಳ್ಳಿ. ಫೋನ್ ಮಾಡಿದವರೇ ಅದನ್ನ ಹೇಳಲಿ. ನೀವು ಹೇಳಬೇಡಿ. ಬಹುಮಾನ ಅಂತ ಬರೀಬೇಡಿ. ಮತ್ತೆ, ದೂರ ದೂರ ಓಡೋ ಮೊದಲು ಮನೆ ಸುತ್ತಲೇ ಇನ್ನೊಮ್ಮೆ ಹುಡುಕಿ. ಬೆದರಿದ ನಾಯಿ ಹತ್ತಿರದಲ್ಲೇ ಅಡಗಿ, ಕರೆದರೂ ಬಾರದೇ ಇರ್ತದೆ ಅಂತ ಪಶು ವೈದ್ಯರು ಹೇಳಿದರು. ಅಂಕೋಲೆಯಲ್ಲಿ ನಾನು ನಿಂತ ಆ ದಿನ ಬೆಟ್ಟದಲ್ಲಿ ಹುಡುಕಿದ್ದರೆ ಅಂತ ಈಗ ಅನಿಸ್ತದೆ.

ಕೆಂಚ ಇನ್ನೂ ಸಿಕ್ಕಿಲ್ಲ. ನಾನು ಯಾರಿಗೂ ಹೇಳದ ಒಂದು ಗುರುತು ಅವನ ಮೈಮೇಲಿದೆ. ನನಗೂ ಗೊತ್ತಿರಲಿಲ್ಲ, ಆಯಿ ಮೊನ್ನೆ ಹೇಳಿದಳು. ಅದನ್ನ ಇಲ್ಲಿ ಬರೆಯೋದಿಲ್ಲ. ಬನವಾಸಿ ರಸ್ತೆ ಕಡೆ ಕೆಂಪು ಮೈಯ, ಎಡ ಮುಂಗಾಲು ಬಿಳಿ ಇರೋ, ಕೊರಳಲ್ಲಿ ಪಟ್ಟಿ ಇಲ್ಲದ ನಾಯಿ ಕಂಡರೆ ಅಟ್ಟಬೇಡಿ. ಸ್ವಲ್ಪ ಅನ್ನ ಹಾಕಿ, ಊರವರಿಗೆ ಒಂದು ಮಾತು ಹೇಳಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ನಾನೇ ಬರ್ತೇನೆ.