ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಕಂಪನಿಯದೋ, ಹೊರಗಿನವರದೋ, ಸ್ವಂತ ನಿಧಿಯೋ?

ಏಳೆಂಟು ವರ್ಷ ಹಳೆಯ ಬಿಎಂಡಬ್ಲ್ಯು 320ಡಿ ಅಥವಾ ಮರ್ಸಿಡಿಸ್ ಸಿ220ಡಿ ಕೊಳ್ಳುವಾಗ ಕಾರಿನ ಬೆಲೆ ಬಹಳ ಇಳಿದಿರುತ್ತದೆ. ಅದರ ಇಂಜೆಕ್ಟರ್, ಟರ್ಬೊ, ಗೇರ್‌ಬಾಕ್ಸ್‌ಗಳ ಬೆಲೆ ಮಾತ್ರ ಹೊಸ ಕಾರಿನ ಮಟ್ಟದಲ್ಲೇ ಉಳಿದಿರುತ್ತದೆ. ಕೊಳ್ಳುವವರ ಭಯಕ್ಕೆ ಇದೇ ಕಾರಣ, ಮತ್ತು ಆ ಭಯ ಸುಳ್ಳಲ್ಲ. ಆದರೆ ವಾರಂಟಿ ಎಂಬ ಹೆಸರಿನಲ್ಲಿ ಸಿಗುವ ಕಾಗದವೆಲ್ಲ ಅದಕ್ಕೆ ಮದ್ದಲ್ಲ.

ನಮ್ಮ ಮುಂದೆ ಮೂರು ದಾರಿಗಳಿವೆ: ಕಾರು ಕಂಪನಿಯದೇ ವಿಸ್ತರಿತ ವಾರಂಟಿ, ಹೊರಗಿನ ಸಂಸ್ಥೆ ಅಥವಾ ಯೂಸ್ಡ್ ಕಾರ್ ಶೋರೂಂ ಕೊಡುವ ವಾರಂಟಿ, ಏನನ್ನೂ ಕೊಳ್ಳದೆ ಅಷ್ಟೇ ದುಡ್ಡನ್ನು ರಿಪೇರಿಗೆಂದು ಎತ್ತಿಡುವುದು. ಎಫ್30 ತಲೆಮಾರಿನ 320ಡಿ, ಡಬ್ಲ್ಯು205 ಸಿ220ಡಿ, ಬಿ9 ಆಡಿ ಎ4, ಇಂಥ ಕಾರುಗಳ ಮೇಲೆ ಮೂರನ್ನೂ ಬಳಸಿ ನೋಡಿದ ಮೇಲಿನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಕಂಪನಿಯ ಯೋಜನೆಗೆ ಇನ್ನೂ ಅರ್ಹವಾಗಿದ್ದರೆ, ಬೆಲೆ ಹೆಚ್ಚೆನಿಸಿದರೂ ಅದನ್ನೇ ತೆಗೆದುಕೊಳ್ಳಿ. ಅರ್ಹತೆ ಮುಗಿದಿದ್ದರೆ ಹೊರಗಿನವರಿಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಮುಂಜಾಗ್ರತೆ ಕೆಲಸಕ್ಕೂ ಉಳಿದರ್ಧವನ್ನು ನಿಧಿಗೂ ಹಾಕಿ. ಏರ್ ಸಸ್ಪೆನ್ಷನ್ ಇರುವ ಕಾರುಗಳ ಲೆಕ್ಕ ಬೇರೆ, ಅದನ್ನು ಕೊನೆಗೆ ನೋಡೋಣ.

ಎರಡು ಬಗೆಯ ಕಾಗದ

ಬೆಲೆ ಕೇಳುವ ಮೊದಲು ಒಪ್ಪಂದದ ಬಗೆ ನೋಡಬೇಕು. ಒಂದು ಬಗೆಯಲ್ಲಿ 'ಈ ಭಾಗಗಳಿಗೆ ಮಾತ್ರ ವಾರಂಟಿ ಇದೆ' ಎಂಬ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ಇನ್ನೊಂದರಲ್ಲಿ 'ಈ ಭಾಗಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಇದೆ' ಎಂದಿರುತ್ತದೆ. ಲಕ್ಷುರಿ ಕಾರಿನ ಮಟ್ಟಿಗೆ ಈ ಎರಡನೆಯದು ಮಾತ್ರ ಪೂರ್ತಿ ಬೆಲೆಗೆ ಯೋಗ್ಯ. ಮೊದಲ ಬಗೆಯ ಪಟ್ಟಿಯಲ್ಲಿ ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್, ಗೇರ್ ಹಲ್ಲುಗಳು ಎಂದೆಲ್ಲ ಪುಟ ತುಂಬಿರುತ್ತದೆ. ಈ ಕಾರುಗಳಲ್ಲಿ ಅವು ತಾವಾಗಿ ಕೆಡುವುದು ಅಪರೂಪ. ಕೆಡುವುದು ಥರ್ಮೋಸ್ಟಾಟ್, ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ), ಆಯಿಲ್ ಫಿಲ್ಟರ್ ಹೌಸಿಂಗ್‌ನ ಗ್ಯಾಸ್ಕೆಟ್, ವಾಟರ್ ಪಂಪ್, ನಾಕ್ಸ್ ಸೆನ್ಸರ್ (ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವುದು), ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು. ಅವುಗಳ ಹೆಸರು ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದ್ದರಿಂದ ನಿಮ್ಮ ಕಾರಿನ ಎಂಜಿನ್ ಕೋಡ್ ಹಿಡಿದು, ಅದರಲ್ಲಿ ಹೆಸರಾದ ದೋಷಗಳ ಚಿಕ್ಕ ಪಟ್ಟಿ ಮಾಡಿಕೊಂಡು ಹೋಗಿ. ಫೇಸ್‌ಲಿಫ್ಟ್‌ಗೆ (ಅದೇ ತಲೆಮಾರಿನ ನಡುವಿನ ಪರಿಷ್ಕರಣೆ) ಮುಂಚಿನ 320ಡಿಯಲ್ಲಿ ಎನ್47 ಎಂಜಿನ್ ಇದೆ. ಅದರ ಟೈಮಿಂಗ್ ಚೈನ್ ಎಂಜಿನ್‌ನ ಹಿಂಬದಿ, ಗೇರ್‌ಬಾಕ್ಸ್ ಕಡೆ ಕೂತಿದೆ. ಚೈನ್ ಸಡಿಲವಾದರೆ ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಹಿಂದಿನಿಂದ ಉಜ್ಜಿದಂಥ ಶಬ್ದ ಬರುತ್ತದೆ. ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಲೇಬೇಕು. ಚೈನ್ ಕಿಟ್‌ಗಿಂತ ಕೂಲಿ ದೊಡ್ಡದು. 2018ರ ಫೇಸ್‌ಲಿಫ್ಟ್‌ಗೆ ಮುಂಚಿನ ಸಿ220ಡಿಯ ಒಎಂ651 ಎಂಜಿನ್‌ನಲ್ಲೂ ಚೈನ್ ಇರುವುದು ಹಿಂದೆಯೇ. ಅದರ ಜೊತೆ 7ಜಿ-ಟ್ರಾನಿಕ್ ಗೇರ್‌ಬಾಕ್ಸ್ ಇದ್ದರೆ, ವೇಗ ಅಳೆಯುವ ಸೆನ್ಸರ್‌ಗಳು ಅದರೊಳಗಿನ ಕಂಡಕ್ಟರ್ ಪ್ಲೇಟ್ ಎಂಬ ಎಲೆಕ್ಟ್ರಾನಿಕ್ ಫಲಕದಲ್ಲೇ ಕೂತಿವೆ. ಒಂದು ಸೆನ್ಸರ್ ಸತ್ತರೂ ಗೇರ್‌ಬಾಕ್ಸ್ ಲಿಂಪ್ ಮೋಡ್‌ಗೆ (ಹಾನಿ ತಪ್ಪಿಸಲು ಕುಂಟುತ್ತ ಓಡುವ ಸ್ಥಿತಿ) ಹೋಗುತ್ತದೆ, ಹೊಸ ಪ್ಲೇಟ್ ಹಾಕಿದರೆ ಕಾರಿಗೆ ಕೋಡಿಂಗ್ ಆಗಬೇಕು, ಅಂದರೆ ಸಾಫ್ಟ್‌ವೇರ್‌ನಲ್ಲಿ ಅದನ್ನು ಆ ಕಾರಿಗೆ ಹೊಂದಿಸಬೇಕು. ಆಡಿಯ ಟಿಎಫ್‌ಎಸ್‌ಐ ಪೆಟ್ರೋಲ್‌ಗಳಲ್ಲಿ ಪ್ಲಾಸ್ಟಿಕ್ ವಾಟರ್ ಪಂಪ್-ಥರ್ಮೋಸ್ಟಾಟ್ ಹೌಸಿಂಗ್ ಬಿಸಿಗೆ ಬಾಗಿ ಕೂಲಂಟ್ ಸೋರುತ್ತದೆ. 'ಇವು ಸೇರಿವೆಯೇ, ಕೂಲಿ ಮತ್ತು ಕೋಡಿಂಗ್ ಖರ್ಚೂ ಸೇರಿದೆಯೇ' ಎಂದು ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಶೋರೂಂ ಮೇಜಿನ ಮೇಲೆ ಬಾಯಿಮಾತಲ್ಲಿ ಬಂದ 'ಎಲ್ಲಾ ಕವರ್ ಆಗುತ್ತೆ ಸಾರ್' ಎಂಬುದಕ್ಕೆ ಕ್ಲೇಮ್ ದಿನ ಬೆಲೆಯಿಲ್ಲ.

ಕಂಪನಿಯ ವಾರಂಟಿ

ಭಾರತದಲ್ಲಿ ಬಿಎಂಡಬ್ಲ್ಯು ಹೊಸ ಕಾರಿಗೆ 2 ವರ್ಷ, ಮರ್ಸಿಡಿಸ್ 3 ವರ್ಷ ಕಿಲೋಮೀಟರ್ ಮಿತಿಯಿಲ್ಲದ ವಾರಂಟಿ ಕೊಡುತ್ತ ಬಂದಿವೆ. ಆಡಿ 2022ರ ಜೂನ್‌ನಿಂದ ಮಾರಿದ ಕಾರುಗಳಿಗೆ 5 ವರ್ಷ ಕೊಟ್ಟಿತು. ಅಂದರೆ 2022ರ ಕೊನೆಯ ಎ4 ನೋಡುತ್ತಿದ್ದರೆ ವಾರಂಟಿ ಕೊಳ್ಳುವ ಪ್ರಶ್ನೆಗೆ ಮೊದಲು ಈಗಿನದು ಎಷ್ಟು ಉಳಿದಿದೆ ಎಂದು ನೋಡಬೇಕು. ಉಳಿದಿದ್ದರೆ ಅದು ಕಾರಿನ ಜೊತೆಗೇ ಬರುತ್ತದೆ. ಬಿಎಂಡಬ್ಲ್ಯುನಲ್ಲಿ ಮುಂದಿನ ವಿಸ್ತರಣೆಯ ಹೆಸರು ರಿಪೇರ್ ಇನ್‌ಕ್ಲೂಸಿವ್. ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಮರ್ಸಿಡಿಸ್-ಬೆಂಜ್ ಸರ್ಟಿಫೈಡ್, ಆಡಿ ಅಪ್ರೂವ್ಡ್ ಪ್ಲಸ್, ಇವು ಆಯಾ ಕಂಪನಿಯ ಬಳಸಿದ ಕಾರಿನ ಮಳಿಗೆಗಳು. ಯಾವ ಕಾರಿಗೆ ಎಷ್ಟನೇ ವರ್ಷದವರೆಗೆ ವಿಸ್ತರಣೆ ಸಿಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಆಗಾಗ ಬದಲಾಗುತ್ತದೆ. ಷಾಸಿ ಸಂಖ್ಯೆ ಕೊಟ್ಟು ಕೇಳಿದರೆ ನಿಮ್ಮ ಕಾರಿನ ಉತ್ತರವೇ ಸಿಗುತ್ತದೆ.

ಇದರ ದೊಡ್ಡ ಬಲ ಕ್ಲೇಮ್ ದಾರಿಯಲ್ಲಿದೆ. ದೋಷ ಪತ್ತೆ ಮಾಡುವವರು, ಒಪ್ಪಿಗೆ ಕೊಡುವವರು, ಭಾಗ ತರಿಸುವವರು ಒಂದೇ ವ್ಯವಸ್ಥೆಯಲ್ಲಿದ್ದಾರೆ. ಸರ್ವಿಸ್ ಅಡ್ವೈಸರ್ ಫಾಲ್ಟ್ ಕೋಡ್ ಸಮೇತ ಕಳಿಸುತ್ತಾನೆ, ಒಪ್ಪಿಗೆ ಬರುತ್ತದೆ, ಹೊಸ ಅಸಲಿ ಭಾಗ ಬರುತ್ತದೆ, ಸವಕಳಿ ಎಂದು ಕಡಿತ ಮಾಡುವ ರೂಢಿ ಇಲ್ಲ. ಬಲಹೀನತೆ ಎರಡು. ಒಂದು, ಎಲ್ಲ ಸರ್ವಿಸ್ ಅಲ್ಲೇ, ಸಮಯಕ್ಕೆ ಸರಿಯಾಗಿ ಮಾಡಿಸಬೇಕು. ಆ ದುಬಾರಿ ಸರ್ವಿಸ್ ಬಿಲ್ಲನ್ನೂ ವಾರಂಟಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಎರಡು, ವಾರಂಟಿ ಮುರಿಯದೆ ಮುಂದುವರಿದಿರಬೇಕು. ಹಿಂದಿನ ಮಾಲೀಕರು ಒಂದು ವರ್ಷ ಬಿಟ್ಟಿದ್ದರೆ ಮತ್ತೆ ಸೇರಿಸಲು ಸಾಮಾನ್ಯವಾಗಿ ತಪಾಸಣೆ ಕೇಳುತ್ತಾರೆ, ಕೆಲವು ಮಾದರಿಗಳಿಗೆ ಕೊಡುವುದೇ ಇಲ್ಲ.

ಹೊರಗಡೆ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ ಎಂಬ ಪ್ರಶ್ನೆ ಯಾವಾಗಲೂ ಏಳುತ್ತದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್ ಸೇರಿದಂತೆ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಸ್ವತಂತ್ರ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿ ಕಡಿಯಬಾರದು ಎಂದಿತು. ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. ತತ್ವ ಸರಿಯಾದದ್ದೇ. ಆದರೂ ಕ್ಲೇಮ್ ಬೇಗ ಆಗಬೇಕೆಂದರೆ ಆಯಿಲ್‌ನ ದರ್ಜೆ, ಬ್ಯಾಚ್, ಕಿಲೋಮೀಟರ್ ಬರೆದ ಬಿಲ್ಲುಗಳೇ ಕಾಪಾಡುತ್ತವೆ.

ಹೊರಗಿನವರ ವಾರಂಟಿ

ಬೆಲೆ ಕಡಿಮೆ ಕಾಣುತ್ತದೆ, ವಯಸ್ಸಾದ ಕಾರಿಗೂ ಸಿಗುತ್ತದೆ. ಕಡಿತಗಳು ಎಲ್ಲಿ ಬೀಳುತ್ತವೆ ಎಂದು ಒಂದು ಊಹೆಯ ಬಿಲ್ ಇಟ್ಟು ನೋಡೋಣ. ಟೈಮಿಂಗ್ ಚೈನ್ ಕೆಲಸಕ್ಕೆ ಭಾಗಗಳು 1,50,000 ರೂ., ಕೂಲಿ 25 ಗಂಟೆ, ಗಂಟೆಗೆ 2,000ದಂತೆ 50,000 ರೂ. ಎನ್ನೋಣ. ಒಟ್ಟು 2,00,000, ಜಿಎಸ್‌ಟಿ ಬದಿಗಿಡಿ. ಒಪ್ಪಂದದಲ್ಲಿ ವಯಸ್ಸಿನ ಮೇಲೆ ಶೇ. 30 ಸವಕಳಿ ಇದ್ದರೆ ಭಾಗಗಳಿಗೆ ಸಿಗುವುದು 1,05,000. ಕೂಲಿ ಮಿತಿ ಗಂಟೆಗೆ 800 ಇದ್ದರೆ ಅದಕ್ಕೆ 20,000. ಸೇರಿ 1,25,000. ಒಂದು ಕ್ಲೇಮ್‌ಗೆ 1,00,000 ಎಂಬ ಮಿತಿ ಇದ್ದರೆ ಕೈಗೆ ಬರುವುದು ಅಷ್ಟೇ. ಉಳಿದ ಒಂದು ಲಕ್ಷ ನಿಮ್ಮ ಜೇಬಿನಿಂದ. ವಾರಂಟಿಗೆ ಕೊಟ್ಟ ದುಡ್ಡು ಇದರ ಮೇಲೆ. ಸವಕಳಿ ಪ್ರಮಾಣ, ಕೂಲಿ ದರದ ಮಿತಿ, ಒಂದು ಕ್ಲೇಮ್‌ನ ಮಿತಿ, ವರ್ಷದ ಒಟ್ಟು ಮಿತಿ, ಈ ನಾಲ್ಕು ಅಂಕಿಗಳನ್ನು ನಿಮ್ಮ ಒಪ್ಪಂದದಿಂದ ತೆಗೆದು ಇದೇ ಲೆಕ್ಕ ಮಾಡಿ ನೋಡಿ. ಅಂಕಿ ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಕ್ಲೇಮ್ ತಿರಸ್ಕಾರ ಆಗುವ ಕಾರಣಗಳು ಮತ್ತೆ ಮತ್ತೆ ಅವೇ. ಮೊದಲನೆಯದು 'ಕೊಳ್ಳುವ ಮೊದಲೇ ಇದ್ದ ದೋಷ'. ಇದಕ್ಕೆ ಒಂದೇ ಉತ್ತರ: ವಾರಂಟಿ ಶುರುವಾಗುವ ವಾರದಲ್ಲೇ ಪೂರ್ತಿ ಸ್ಕ್ಯಾನ್ ಮಾಡಿಸಿ, ದಿನಾಂಕ ಮತ್ತು ಕಿಲೋಮೀಟರ್ ಕಾಣುವ ಪ್ರಿಂಟ್ ಇಟ್ಟುಕೊಳ್ಳಿ. ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಕ್ಸೆಂಟ್ರಿ, ಆಡಿಗೆ ಒಡಿಸ್ ಸಾಫ್ಟ್‌ವೇರ್ ಇರುವ ಕಡೆಯೇ ಆಗಬೇಕು. ಸಾಮಾನ್ಯ ಒಬಿಡಿ ಸ್ಕ್ಯಾನರ್ ಎಲ್ಲ ಮಾಡ್ಯೂಲ್‌ಗಳ ಆಳಕ್ಕೆ ಇಳಿಯುವುದಿಲ್ಲ. ಓಡೋಮೀಟರ್ ತಿರುಗಿಸಿದ್ದರೂ ಅಲ್ಲೇ ಗೊತ್ತಾಗುತ್ತದೆ, ಏಕೆಂದರೆ ಕಿಲೋಮೀಟರ್ ಮೀಟರ್ ಕನ್ಸೋಲ್‌ನಲ್ಲಿ ಮಾತ್ರವಲ್ಲದೆ ಬೇರೆ ಮಾಡ್ಯೂಲ್‌ಗಳಲ್ಲೂ ದಾಖಲಾಗಿರುತ್ತದೆ.

ಎರಡನೆಯದು ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ತಿದ್ದಿಸುವುದು. ಬೆಂಗಳೂರಿನಲ್ಲಿ ಕೈ ಬದಲಿಸುವ ಜರ್ಮನ್ ಡೀಸೆಲ್‌ಗಳಲ್ಲಿ ಸ್ಟೇಜ್ 1 (ರೀಮ್ಯಾಪ್‌ನ ಮೊದಲ ಹಂತ) ಹಾಕಿಸಿ, ಮಾರುವ ಮುಂಚೆ ತೆಗೆಸಿದವು ಇವೆ. ಮೂಲ ಸಾಫ್ಟ್‌ವೇರ್‌ಗೆ ಮರಳಿಸಿದರೂ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯುನಲ್ಲಿ ಎಷ್ಟು ಬಾರಿ ಬರೆಯಲಾಗಿದೆ ಎಂಬ ಗುರುತು ಉಳಿಯುತ್ತದೆ. ಆಡಿಯಲ್ಲಿ ಇದು ಪತ್ತೆಯಾದರೆ ಟಿಡಿ1 ಎಂಬ ಗುರುತು ಷಾಸಿ ಸಂಖ್ಯೆಗೇ ಅಂಟುತ್ತದೆ. ಆ ಮೇಲೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಆಸೆ ಬಿಡಬೇಕು.

ಮೂರನೆಯದು ಗೇರ್‌ಬಾಕ್ಸ್ ಆಯಿಲ್. 320ಡಿಯ 8 ಸ್ಪೀಡ್ ಝಡ್‌ಎಫ್ ಗೇರ್‌ಬಾಕ್ಸ್‌ನ ಆಯಿಲ್ 'ಜೀವನಪರ್ಯಂತ' ಎಂದು ಕಾರು ಕಂಪನಿ ಹೇಳಿದರೆ, ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ. 1,10,000 ಕಿ.ಮೀ.ಗೆ ಗೇರ್‌ಬಾಕ್ಸ್ ಜರ್ಕ್ ಹೊಡೆದರೆ ಹೊರಗಿನ ಸಂಸ್ಥೆ 'ನಿರ್ವಹಣೆ ಇಲ್ಲ' ಎಂದು ಝಡ್‌ಎಫ್ ಮಾತನ್ನೇ ಹಿಡಿಯಬಹುದು. ಆಯಿಲ್ ಬದಲಿಸಿ ಬಿಲ್ ಇಟ್ಟುಕೊಂಡವರಿಗೆ ಆ ತಕರಾರು ಇಲ್ಲ.

ಕಳಚಿ ನೋಡುವ ಖರ್ಚು ಯಾರದು ಎಂದೂ ಕೇಳಿ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ ಮೇಲೆ ಕ್ಲೇಮ್ ತಿರಸ್ಕಾರವಾದರೆ, ಇಳಿಸಿದ ಮತ್ತು ಏರಿಸುವ ಕೂಲಿ ಸಾಮಾನ್ಯವಾಗಿ ಮಾಲೀಕರ ಮೇಲೆ ಬೀಳುತ್ತದೆ. ಲಿಖಿತ ಒಪ್ಪಿಗೆ ಬರುವವರೆಗೆ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ, ಬದಲಿಸಿದ ಹಳೆಯ ಭಾಗವನ್ನು ಎಸೆಯಬೇಡಿ. ಕೆಂಪು ಆಯಿಲ್ ಲೈಟ್ ಅಥವಾ ಟೆಂಪರೇಚರ್ ಎಚ್ಚರಿಕೆ ಬಂದ ಮೇಲೂ ಓಡಿಸಿದ್ದರೆ ಫಾಲ್ಟ್ ಕೋಡ್ ಜೊತೆಯ ಫ್ರೀಜ್ ಫ್ರೇಮ್‌ನಲ್ಲಿ (ದೋಷ ಬಂದ ಕ್ಷಣದ ದಾಖಲೆ) ಆ ಕಿಲೋಮೀಟರ್, ಆ ಉಷ್ಣತೆ ದಾಖಲಾಗಿರುತ್ತದೆ. ಗಾಡಿ ನಿಲ್ಲಿಸಿ ಫ್ಲ್ಯಾಟ್‌ಬೆಡ್ ಟೋಯಿಂಗ್ ಕರೆಯುವುದು ಎಂಜಿನ್‌ಗೂ ಕ್ಲೇಮ್‌ಗೂ ಒಳ್ಳೆಯದು.

ನೀರು ನುಗ್ಗಿ ಎಂಜಿನ್ ಸೀಜ್ ಆದರೆ ಯಾವ ವಾರಂಟಿಯೂ ಕೊಡುವುದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಮುಳುಗಿದ ಕಾರುಗಳಂಥದ್ದಕ್ಕೆ ಬೇಕಿರುವುದು ವಿಮೆಯಲ್ಲಿನ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್. ಕಾರು ಹಳೆಯದಾದಂತೆ ಅದನ್ನು ಕೊಡುವ ಕಂಪನಿಗಳು ಕಡಿಮೆಯಾಗುತ್ತವೆ, ಹಾಗಾಗಿ ವಿಮೆ ನವೀಕರಣಕ್ಕೆ ಮುಂಚೆಯೇ ಕೇಳಿ.

ಸ್ವಂತ ನಿಧಿ

ಅರ್ಹತೆ ಮೀರಿದ ಕಾರಿಗೆ ನನ್ನ ಮೆಚ್ಚಿನ ದಾರಿ ಇದು, ಆದರೆ ಶಿಸ್ತು ಬೇಕು. ಕೊಂಡ ದಿನವೇ 1.5 ಲಕ್ಷ ಬೇರೆ ಖಾತೆಗೆ, ಆ ಮೇಲೆ ತಿಂಗಳಿಗೆ 8,000ದಿಂದ 10,000 ಆರ್‌ಡಿಗೆ. ಇದರ ನಿಜವಾದ ಲಾಭವಿರುವುದು ವಾರಂಟಿ ಎಂದೂ ಮಾಡದ ಕೆಲಸವನ್ನು, ಅಂದರೆ ಕೆಡುವ ಮುಂಚೆ ಬದಲಿಸುವುದನ್ನು, ಮಾಡಿಸಿಕೊಳ್ಳುವುದರಲ್ಲಿ.

320ಡಿಗೆ ಮೊದಲು ಗೇರ್‌ಬಾಕ್ಸ್ ಆಯಿಲ್. ಝಡ್‌ಎಫ್ ಕಿಟ್‌ನಲ್ಲಿ 7 ಲೀಟರ್ ಲೈಫ್‌ಗಾರ್ಡ್ 8 ಆಯಿಲ್ ಮತ್ತು ಫಿಲ್ಟರ್ ಒಳಗೇ ಇರುವ ಪ್ಲಾಸ್ಟಿಕ್ ಸಂಪ್ (ತಳದ ಆಯಿಲ್ ತೊಟ್ಟಿ) ಬರುತ್ತದೆ. ಫಿಲ್ಟರ್ ಮಾತ್ರ ಬದಲಿಸಲು ಆಗುವುದಿಲ್ಲ. ಸಂಪ್ ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಸಾಕು, ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳಿ ಸೋರುತ್ತದೆ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಆಯಿಲ್ 30ರಿಂದ 50 ಡಿಗ್ರಿ ಒಳಗಿರುವಾಗ. ಆಯಿಲ್ ತುಂಬಿಸುವ ರಂಧ್ರದಿಂದ ಸಣ್ಣಗೆ ಹರಿದು ನಿಲ್ಲಬೇಕು. ಸ್ಕ್ಯಾನರ್‌ನಲ್ಲಿ ಉಷ್ಣತೆ ನೋಡದೆ ತುಂಬಿಸುವ ಗ್ಯಾರೇಜನ್ನು ಬಿಟ್ಟುಬಿಡಿ.

ಆಮೇಲೆ ಥರ್ಮೋಸ್ಟಾಟ್, ಅಂದರೆ ಉಷ್ಣತೆಗೆ ತಕ್ಕಂತೆ ಕೂಲಂಟ್ ಹರಿಯಬಿಡುವ ಕವಾಟ. ಅದು ತೆರೆದೇ ಉಳಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಬಿಸಿಯಾಗದಿದ್ದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂತ ಮಸಿ ಸುಡುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದಿನಾ ಐದಾರು ಕಿ.ಮೀ. ಓಡುವ ಡೀಸೆಲ್‌ಗೆ ಇದು ನೇರ ಡಿಪಿಎಫ್ ಬಿಲ್. ಕಟ್ಟಿದ ಡಿಪಿಎಫ್ ಅನ್ನು ಹೆಚ್ಚಿನ ಒಪ್ಪಂದಗಳು ಹೊರಗಿಟ್ಟಿರುತ್ತವೆ. ವಾರಕ್ಕೊಮ್ಮೆ ತುಮಕೂರು ರಸ್ತೆಯಲ್ಲೋ ಮೈಸೂರು ಹೆದ್ದಾರಿಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವುದು ಪುಕ್ಕಟೆ ಚಿಕಿತ್ಸೆ. ಬೆಲ್ಟ್, ಟೆನ್ಷನರ್, ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಬಿರುಕು ಒಂದೇ ಸಲ ನೋಡಿಸಿ. ಬ್ಯಾಟರಿ ಬದಲಿಸಿದರೆ ಎಜಿಎಂ ಬಗೆಯದು ಹಾಕಿ, ಸ್ಕ್ಯಾನರ್ ಮೂಲಕ ಕಾರಿನ ಕಂಪ್ಯೂಟರ್‌ನಲ್ಲಿ ನೋಂದಾಯಿಸಿ. ಇಲ್ಲದಿದ್ದರೆ ಚಾರ್ಜಿಂಗ್ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ನಡೆಯುತ್ತದೆ.

ಭಾಗಗಳಿಗೆ ಜೆಸಿ ರಸ್ತೆಯ ಅಂಗಡಿಗಳಲ್ಲಿ ಬಾಷ್, ಮಾಲೆ, ಲೆಮ್‌ಫರ್ಡರ್ ಡಬ್ಬಿಯ ದರ ಕೇಳಿ, ಆಮೇಲೆ ಅಧಿಕೃತ ವರ್ಕ್‌ಶಾಪಿನದು ಕೇಳಿ. ಬಿಲ್ ಕೊಡದ ಕಡೆ ಇಂಜೆಕ್ಟರ್, ಸೆನ್ಸರ್ ಕೊಳ್ಳಬೇಡಿ, ನಕಲಿ ಬಹಳ.

ನಿಧಿಯ ದೌರ್ಬಲ್ಯ ಸಮಯ. ಮೂರನೇ ತಿಂಗಳಲ್ಲೇ ದೊಡ್ಡ ದೋಷ ಬಂದರೆ ಖಾತೆ ಸಾಲದು. ಒಮ್ಮೆಗೇ 3 ಲಕ್ಷ ಹೊಂದಿಸಲು ಆಗದವರು ಈ ದಾರಿ ಹಿಡಿಯಬಾರದು; ಅವರು ಇನ್ನೂ ಎರಡು ವರ್ಷ ಎಳೆಯ, ಕಂಪನಿ ವಾರಂಟಿ ಉಳಿದಿರುವ, ಒಂದು ದರ್ಜೆ ಕಡಿಮೆಯ ಕಾರು ನೋಡುವುದೇ ಲೇಸು.

ಏರ್ ಸಸ್ಪೆನ್ಷನ್ ಇದ್ದರೆ

ಆಡಿ ಕ್ಯೂ7, ಮರ್ಸಿಡಿಸ್ ಜಿಎಲ್‌ಎಸ್, ಎಸ್ ಕ್ಲಾಸ್‌ಗಳಲ್ಲಿ ಲೆಕ್ಕ ತಿರುಗುತ್ತದೆ. ಏರ್ ಸ್ಪ್ರಿಂಗ್‌ನ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ. ಕಂಪ್ರೆಸರ್ ಪಟ್ಟಿಯಲ್ಲಿದ್ದು ಸ್ಪ್ರಿಂಗ್ ಅನ್ನು 'ರಬ್ಬರ್ ಭಾಗ' ಎಂದು ಹೊರಗಿಟ್ಟಿದ್ದರೆ, ಕಂಪ್ರೆಸರ್ ಕ್ಲೇಮ್ ಕೂಡ 'ಹೊರಗಿಟ್ಟ ಭಾಗದಿಂದಾದ ಹಾನಿ' ಎಂದು ತಳ್ಳಿಹೋಗುತ್ತದೆ. ಏರ್ ಸ್ಪ್ರಿಂಗ್ ಹೆಸರು ಬರೆದು ಸೇರಿಸಿದ ಒಪ್ಪಂದ ಸಿಕ್ಕರೆ, ಹೊರಗಿನವರದಾದರೂ, ಕೊಳ್ಳಿ. ಕೊಳ್ಳುವ ಮುಂಚೆ ಕಾರನ್ನು ರಾತ್ರಿಯಿಡೀ ಸಮತಟ್ಟಾದ ಕಡೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಸಂಜೆ, ಬೆಳಿಗ್ಗೆ ಅಳೆಯಿರಿ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಸೋರಿಕೆ ಈಗಾಗಲೇ ಶುರುವಾಗಿದೆ. ವಾರಂಟಿ ಅದನ್ನು ಹಳೆಯ ದೋಷ ಎನ್ನುತ್ತದೆ, ಬೆಲೆಯಲ್ಲೇ ಇಳಿಸಿಕೊಳ್ಳಿ.

ಯಾವ ಒಪ್ಪಂದವಾದರೂ ಆರ್‌ಸಿ ಹೆಸರು ಬದಲಾದ ಮೇಲೆ ವಾರಂಟಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಅದಕ್ಕೆ ಗಡುವು ಇರುತ್ತದೆ. ಸರಿಯಾದ ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಪಡೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು; ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ.