ಎರಡು ಸೆಕೆಂಡಿನ ಟೈಮರನ್ನು ಮರೆಯುವ ಕ್ಯಾಮೆರಾ

ಹಲವು ವರ್ಷಗಳಿಂದ ನನ್ನ ಜೊತೆಗಿರುವ ಈ ಮಿರರ್‌ಲೆಸ್ ಕ್ಯಾಮೆರಾದ ಸೆನ್ಸರ್, ಲೆನ್ಸ್, ಫೋಕಸ್‌ಗಳ ವಿವರ ಎಲ್ಲೆಡೆ ಸಿಗುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಗುಂಡಿ ಒತ್ತಿದ ಮೇಲೆ ಶಟರ್ ಹೇಗೆ ಬಿಡುಗಡೆಯಾಗಬೇಕೆಂದು ಆರಿಸಿಕೊಳ್ಳುವ ಡ್ರೈವ್ ಮೋಡ್ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಈ ಕ್ಯಾಮೆರಾ ನನಗೆ ಕೊಟ್ಟಿರುವ ಸಂತೋಷ ಮತ್ತು ಬೇಸರ ಎರಡೂ ಅಲ್ಲಿಯೇ ಇವೆ.

ನಾನು ಹೆಚ್ಚಾಗಿ ತೆಗೆಯುವುದು ಮುಂಜಾನೆಯ ಮಂದ ಬೆಳಕಿನಲ್ಲಿ ಇಬ್ಬನಿ ಕುಳಿತ ಎಲೆಗಳನ್ನು, ಜೇಡರ ಬಲೆಗಳನ್ನು. ಟ್ರೈಪಾಡಿನ ಕಾಲುಗಳನ್ನು ಮಣ್ಣಿಗೆ ಒತ್ತಿ ಊರಿ, ಪರದೆಯಲ್ಲಿ ದೃಶ್ಯವನ್ನು ಹಿಗ್ಗಿಸಿ, ಫೋಕಸ್ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಗಾಳಿ ನಿಂತದ್ದನ್ನು ನೋಡಿಕೊಂಡು ಗುಂಡಿ ಒತ್ತಿ ಕೈ ತೆಗೆಯುತ್ತೇನೆ. ಟೈಮರ್ ಶಟರನ್ನು ತಡೆದಿಡುವ ಆಮೇಲಿನ ಎರಡು ಸೆಕೆಂಡುಗಳಲ್ಲಿ ನನ್ನ ಬೆರಳಿನಿಂದಾದ ಅಲುಗಾಟ ಅಡಗುತ್ತದೆ. ಸೆಕೆಂಡಿನ 1/30ರಿಂದ 1/2ರವರೆಗಿನ ಶಟರ್ ವೇಗಗಳಲ್ಲಿ ಈ ಅಲುಗಾಟ ಚಿತ್ರವನ್ನು ಹೆಚ್ಚು ಕೆಡಿಸುತ್ತದೆ; ಅದಕ್ಕಿಂತ ಬಹಳ ವೇಗವಾದರೆ ಕಂಪನ ದಾಖಲಾಗುವಷ್ಟು ಹೊತ್ತೇ ಇರುವುದಿಲ್ಲ, ಬಹಳ ನಿಧಾನವಾದರೆ ಒಟ್ಟು ಎಕ್ಸ್‌ಪೋಶರಿನಲ್ಲಿ ಅದರ ಪಾಲು ಅತ್ಯಲ್ಪ. ಎಲೆಯ ಅಂಚಿನ ರೋಮಗಳು ಒಂದೊಂದಾಗಿ ಬಿಡಿಸಿ ಕಂಡಾಗ ಆಗುವ ಸಂತೋಷ ಇಂದಿಗೂ ಹೊಸದಾಗಿಯೇ ಇದೆ. ಹತ್ತು ಸೆಕೆಂಡಿನ ಟೈಮರ್ ಈ ಕೆಲಸಕ್ಕೆ ಒಗ್ಗದು, ಅಷ್ಟರೊಳಗೆ ಗಾಳಿ ಮತ್ತೆ ಬೀಸಿರುತ್ತದೆ. ಅದು ತೆಗೆಯುವವರೂ ಓಡಿಹೋಗಿ ಸೇರಿಕೊಳ್ಳುವ ಗುಂಪಿನ ಚಿತ್ರಗಳಿಗೆ ಸರಿ.

ಜಾಹೀರಾತುಗಳು ಎತ್ತಿ ಹೇಳುವ ಅತಿವೇಗದ ಬರ್ಸ್ಟ್, ಅಂದರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಒಂದರ ಹಿಂದೊಂದು ಚಿತ್ರ ತೆಗೆಯುವ ವಿಧಾನ, ನನಗೆ ಅಷ್ಟಾಗಿ ಒದಗಿಲ್ಲ. ನನ್ನ ಬಜೆಟ್‌ಗೆ ದಕ್ಕಿದ ಸಾಧಾರಣ ಮೆಮೊರಿ ಕಾರ್ಡಿನಲ್ಲಿ ಸಂಸ್ಕರಿಸದ ದೊಡ್ಡ ಗಾತ್ರದ ರಾ ಫೈಲುಗಳು, ಕಾರ್ಡಿಗೆ ಬರೆಯುವ ಮುನ್ನ ಚಿತ್ರಗಳನ್ನು ಇಟ್ಟುಕೊಳ್ಳುವ ಬಫರ್ ಎಂಬ ತಾತ್ಕಾಲಿಕ ಜಾಗವನ್ನು ಬೇಗನೆ ತುಂಬಿಸುತ್ತವೆ, ಆಮೇಲೆ ಕೆಂಪು ದೀಪ ಆರುವವರೆಗೆ ಕಾಯಬೇಕು. ಹಕ್ಕಿ ಕತ್ತು ತಿರುಗಿಸುವುದನ್ನು ಹಿಡಿಯಲು ನಿಧಾನಗತಿಯ ಬರ್ಸ್ಟೇ ಸಾಕಾಗುತ್ತದೆ. ಅದು ಹಾರುವ ಗಳಿಗೆಗೆ ಮಾತ್ರ, 2016ರಲ್ಲಿ ಒಲಿಂಪಸ್ ತನ್ನ ಇ-ಎಂ1 ಮಾರ್ಕ್ 2 ಕ್ಯಾಮೆರಾದಲ್ಲಿ ತಂದಂತೆ, ಗುಂಡಿ ಪೂರ್ತಿ ಒತ್ತುವ ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ ಇದರಲ್ಲಿಯೂ ಇರಬೇಕಿತ್ತು.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ನಿದ್ರಿಸುವ ಮಗುವಿನ ಬಳಿಯೂ ಸಂಗೀತದ ಸಭೆಯಲ್ಲೂ ಬಹಳ ಉಪಯುಕ್ತವಾಗಿದೆ. ಆದರೆ ಇದರ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವೇಗವಾಗಿ ಚಲಿಸುವ ವಸ್ತುಗಳು ಓರೆಯಾಗುತ್ತವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳೂ ಮೂಡುತ್ತವೆ. ಅಂಥಲ್ಲಿ ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟಿಗಳು ಬಹುಮಟ್ಟಿಗೆ ಮರೆಯಾಗುತ್ತವೆ. 2021ರ ನಿಕಾನ್ ಝಡ್9 ಯಾಂತ್ರಿಕ ಶಟರನ್ನೇ ಕೈಬಿಡುವಷ್ಟು ವೇಗದ ಸೆನ್ಸರ್ ಹೊಂದಿದೆ. ಆ ದರ್ಜೆಯ ಕ್ಯಾಮೆರಾ ನನ್ನ ಅಳವಿಗೆ ಮೀರಿದ್ದು.

ಇಷ್ಟೆಲ್ಲವನ್ನೂ ಒಪ್ಪಿಕೊಂಡ ಮೇಲೂ ಸಹಿಸಲಾಗದ ದೋಷವೊಂದಿದೆ. ಕ್ಯಾಮೆರಾ ಆಫ್ ಆದರೆ, ಅಥವಾ ಬ್ಯಾಟರಿ ಉಳಿಸಲು ತಾನಾಗಿಯೇ ನಿದ್ರೆಗೆ ಜಾರಿದರೆ, ಟೈಮರ್ ಆಯ್ಕೆ ಅಳಿಸಿಹೋಗಿ ಒಂಟಿ ಚಿತ್ರದ ವಿಧಾನಕ್ಕೆ ಮರಳುತ್ತದೆ. ಬರ್ಸ್ಟ್ ಮತ್ತು ಸದ್ದಿಲ್ಲದ ಶಟರ್ ಆಯ್ಕೆಗಳನ್ನು ನಿಷ್ಠೆಯಿಂದ ನೆನಪಿಟ್ಟುಕೊಳ್ಳುವ ಯಂತ್ರ ಇದೊಂದನ್ನೇ ಮರೆಯುತ್ತದೆ. ನಮ್ಮಿಷ್ಟದ ಸೆಟ್ಟಿಂಗ್‌ಗಳನ್ನು ಉಳಿಸುವ ಜಾಗದಲ್ಲೂ ಟೈಮರಿಗೆ ಸ್ಥಾನವಿಲ್ಲ, ಫರ್ಮ್‌ವೇರ್ ಅಪ್‌ಡೇಟುಗಳೂ ಇದನ್ನು ಸರಿಪಡಿಸಿಲ್ಲ. ಒಂದೇ ಬ್ಯಾಟರಿ ಇಟ್ಟುಕೊಂಡಿರುವ ನಾನು ಕ್ಯಾಮೆರಾವನ್ನು ನಿದ್ರೆಗೆ ಬಿಡಲೇಬೇಕು. ಗಾಳಿ ನಿಂತ ಆ ಅರೆಗಳಿಗೆಯಲ್ಲಿ ಅದನ್ನು ಎಬ್ಬಿಸಿ ಮತ್ತೆ ಮೆನು ಹುಡುಕುವಷ್ಟರಲ್ಲಿ ಎಲೆ ಅಲುಗಲು ಶುರುವಾಗಿರುತ್ತದೆ. ತಂತಿಯ ರಿಮೋಟ್ ಕೊಳ್ಳಬಹುದು, ನಿಜ. ಆದರೆ ಕ್ಯಾಮೆರಾದಲ್ಲಿಯೇ ಇರುವ ಸೌಲಭ್ಯಕ್ಕೆ ಪ್ರತ್ಯೇಕವಾಗಿ ಹಣ ತೆರುವುದು ನನಗೆ ನ್ಯಾಯವೆನಿಸುವುದಿಲ್ಲ.

ಕೈಯಲ್ಲೇ ಹಿಡಿದು ಚಿತ್ರ ತೆಗೆಯುವವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಟ್ರೈಪಾಡ್ ಬಳಸುವವರು ಯಾವ ಕ್ಯಾಮೆರಾ ಕೊಳ್ಳುವುದಾದರೂ, ಅಂಗಡಿಯಲ್ಲಿಯೇ ಎರಡು ಸೆಕೆಂಡಿನ ಟೈಮರ್ ಆರಿಸಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಯ್ಕೆ ಉಳಿದಿದೆಯೇ ಎಂದು ನೋಡಿಕೊಂಡೇ ನಿರ್ಧರಿಸಲಿ.